ಖಿನ್ನತೆಯ ದಿನಗಳಲ್ಲಿ ಬೇರೆಯವರನ್ನು ಅಳೆಯುವಾಗ: ಕಂಡದ್ದನ್ನೂ ಅಂದುಕೊಂಡದ್ದನ್ನೂ ಬೇರೆ ಮಾಡುವ ವಿಧಾನ

ಹಾಸನದಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಕ್ಕೆ ಎರಡು ಮುಖಗಳಿವೆ. ಖಿನ್ನತೆಯಲ್ಲಿರುವವರು ಹೀಗೆ ಕೇಳುತ್ತಾರೆ: "ಎಲ್ಲರೂ ನನ್ನಿಂದ ದೂರ ಸರಿಯುತ್ತಿದ್ದಾರೆ ಅನ್ನಿಸುತ್ತದೆ. ಇದು ನಿಜವೋ, ಕಾಯಿಲೆ ಹೀಗೆ ಅನ್ನಿಸುತ್ತಿದೆಯೋ?" ಅವರ ಮನೆಯವರು ಹೀಗೆ ಕೇಳುತ್ತಾರೆ: "ಎಲ್ಲರನ್ನೂ ಹಚ್ಚಿಕೊಳ್ಳುತ್ತಿದ್ದ ಮನುಷ್ಯ ಈಗ ಯಾರು ಏನಂದರೂ ಕೊಂಕು ಹುಡುಕುತ್ತಾರೆ. ಇವರ ಸ್ವಭಾವವೇ ಹೀಗಾಯಿತೇ?" ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುತ್ತಾ ಬಂದದ್ದನ್ನು ಇಲ್ಲಿ ಒಂದೆಡೆ, ಮಾಡಬೇಕಾದ ಕ್ರಮದಲ್ಲಿಯೇ ಬರೆದಿದ್ದೇನೆ.

ನನ್ನ ಅನುಭವದಲ್ಲಿ, ಖಿನ್ನತೆಯಲ್ಲಿರುವವರು ಕಂಡದ್ದು ಬಹುಮಟ್ಟಿಗೆ ನಿಜವೇ ಆಗಿರುತ್ತದೆ. ಎಡವಟ್ಟಾಗುವುದು ಅದಕ್ಕೆ ಅರ್ಥ ಹಚ್ಚುವಾಗ. ಆದ್ದರಿಂದ "ನಿನ್ನ ಮನಸ್ಸೇ ಸರಿಯಿಲ್ಲ" ಎಂದು ಅವರ ಮಾತನ್ನೆಲ್ಲ ತಳ್ಳಿಹಾಕುವುದು ಎಷ್ಟು ತಪ್ಪೋ, ಅವರ ತೀರ್ಪನ್ನೆಲ್ಲ ಹಾಗೆಯೇ ಒಪ್ಪಿಕೊಂಡು ಸಂಬಂಧಗಳನ್ನು ಕಡಿದುಕೊಳ್ಳುವುದೂ ಅಷ್ಟೇ ತಪ್ಪು.

ಮುಂದುವರಿಯುವ ಮೊದಲು

ಈ ಬರಹದಲ್ಲಿರುವ ಅಭ್ಯಾಸಗಳು ಸಾಧಾರಣ ಮತ್ತು ಮಧ್ಯಮ ಮಟ್ಟದ ಖಿನ್ನತೆಗೆ ಹೊಂದುತ್ತವೆ. "ನಾನಿಲ್ಲದಿದ್ದರೆ ಮನೆಯವರು ಹಾಯಾಗಿರುತ್ತಾರೆ" ಎಂಬ ಯೋಚನೆ ನಿಮಗೆ ಬರುತ್ತಿದ್ದರೆ ಪುಸ್ತಕ ಪೆನ್ನು ಹುಡುಕುತ್ತಾ ಕೂರಬೇಡಿ. ಇದು ಮೇಲ್ನೋಟಕ್ಕೆ ನಿಮ್ಮ ಬಗೆಗಿನ ಮಾತಿನಂತೆ ಕಂಡರೂ ನಿಜದಲ್ಲಿ ಬೇರೆಯವರ ಮನಸ್ಸಿನ ಬಗ್ಗೆ ನೀವು ಕೊಟ್ಟ ತೀರ್ಪು, ಖಿನ್ನತೆ ಕೊಡಿಸುವ ತೀರ್ಪುಗಳಲ್ಲೆಲ್ಲ ಅತ್ಯಂತ ಅಪಾಯಕಾರಿಯಾದದ್ದು. ಕೂಡಲೇ ಜೊತೆಯಲ್ಲಿರುವ ಒಬ್ಬರಿಗೆ ಹೇಳಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತಾಡಬಹುದು, ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ. ಪ್ರಾಣಕ್ಕೆ ಅಪಾಯವೆನಿಸಿದರೆ 112. ಮನೆಯವರು ತೋಟಕ್ಕೆ ತಂದಿಟ್ಟ ಕೀಟನಾಶಕ, ಕಳೆನಾಶಕಗಳನ್ನು ಅದೇ ದಿನ ಬೇರೆ ಮನೆಗೆ ಸಾಗಿಸಬೇಕು ಅಥವಾ ಬೀಗ ಹಾಕಿ ಬೀಗದ ಕೈಯನ್ನು ತಮ್ಮಲ್ಲಿಟ್ಟುಕೊಳ್ಳಬೇಕು. ಔಷಧಿ ಡಬ್ಬಿ ಅಟ್ಟದ ಮೇಲಿದೆ ಎಂಬುದು ಭದ್ರತೆಯಲ್ಲ.

ಹಾಗೆಯೇ, ಅನ್ನಕ್ಕೆ ವಿಷ ಬೆರೆಸುತ್ತಿದ್ದಾರೆ, ಪಕ್ಕದ ಮನೆಯವರು ಗೋಡೆಯಾಚೆಯಿಂದ ನನ್ನನ್ನೇ ಬೈಯುವುದು ಕೇಳಿಸುತ್ತದೆ ಎಂಬಂತಹ, ಯಾವ ಸಾಕ್ಷ್ಯಕ್ಕೂ ಅಲುಗದ ನಂಬಿಕೆಗಳು ಬಂದಿದ್ದರೆ ಅದನ್ನು ವೈದ್ಯರು ಭ್ರಮೆ ಎನ್ನುತ್ತಾರೆ. ಅದಕ್ಕೆ ತಡಮಾಡದೆ ಮನೋವೈದ್ಯರ ಚಿಕಿತ್ಸೆ ಬೇಕು. ವಾದದಿಂದಲೂ ಪುಸ್ತಕದಲ್ಲಿ ಬರೆಯುವುದರಿಂದಲೂ ಅದು ಇಳಿಯುವುದಿಲ್ಲ.

ಖಿನ್ನತೆ ತೀರ್ಪನ್ನು ಹೇಗೆ ಬದಲಿಸುತ್ತದೆ

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ತಮ್ಮ ರೋಗಿಗಳ ಮಾತುಗಳಲ್ಲಿ ಒಂದು ವಿನ್ಯಾಸವನ್ನು ಗುರುತಿಸಿದರು: ತನ್ನ ಬಗ್ಗೆ, ಸುತ್ತಲಿನ ಜಗತ್ತಿನ ಬಗ್ಗೆ, ಮುಂಬರುವ ದಿನಗಳ ಬಗ್ಗೆ, ಈ ಮೂರರ ಬಗ್ಗೆಯೂ ಒಂದೇ ಬಗೆಯ ಕಪ್ಪು ಮಾತು. "ಸುತ್ತಲಿನ ಜಗತ್ತು" ಎಂದರೆ ಬಹುಪಾಲು ಸುತ್ತಲಿನ ಜನವೇ. ಅವರೂ ಅವರ ದಾರಿಯಲ್ಲಿ ಮುಂದುವರಿದವರೂ ಗುರುತಿಸಿದ ಯೋಚನೆಯ ಎಡವಟ್ಟುಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಒಂದು, ಮನಸ್ಸು ಓದುವುದು: ಎದುರಿನವರು ಬಾಯಿಬಿಡುವ ಮೊದಲೇ ಅವರ ಮನಸ್ಸಿನಲ್ಲಿರುವುದು ನನಗೆ ಗೊತ್ತು ಎಂದು ನಿರ್ಧರಿಸುವುದು. ಇನ್ನೊಂದು, ತನ್ನ ಮೇಲೆ ಎಳೆದುಕೊಳ್ಳುವುದು: ನನಗೆ ಸಂಬಂಧವೇ ಇಲ್ಲದ ಘಟನೆಗೂ ನಾನೇ ಕಾರಣವೆಂದು ತಿಳಿಯುವುದು. ಇದರ ಜೊತೆಗೆ ನೆನಪಿನ ಪಕ್ಷಪಾತವೂ ಸೇರುತ್ತದೆ. ಮನಸ್ಸು ಕುಗ್ಗಿದಾಗ ಅದೇ ಬಣ್ಣದ ಹಳೆಯ ನೆನಪುಗಳು ಸುಲಭವಾಗಿ ಮೇಲೆ ಬರುತ್ತವೆ, ಅಣ್ಣ ಹತ್ತು ವರ್ಷದ ಹಿಂದೆ ಆಡಿದ ಒಂದು ಮಾತು ನೆನಪಾಗುತ್ತದೆ, ಕಳೆದ ತಿಂಗಳು ಆಸ್ಪತ್ರೆಯಲ್ಲಿ ರಾತ್ರಿಯಿಡೀ ಜೊತೆಗೆ ಕೂತದ್ದು ನೆನಪಾಗುವುದಿಲ್ಲ. ಯಾವ ಭಾವವೂ ಇಲ್ಲದ ಮುಖವನ್ನು ಬೇಸರದ ಮುಖವೆಂದು ಓದುವ ಒಲವು ಖಿನ್ನತೆಯಲ್ಲಿ ಹೆಚ್ಚೆಂದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ.

ತೀರ್ಪು ಯಾವಾಗಲೂ ಬೇರೆಯವರನ್ನು ಕೆಳಗಿಳಿಸುವ ದಿಕ್ಕಿನಲ್ಲಿಯೇ ಸಾಗುತ್ತದೆ ಎಂದು ತಿಳಿಯಬಾರದು. ಅದು ಅವರನ್ನು ಅತಿಯಾಗಿ ಮೇಲೇರಿಸುವುದೂ ಅಷ್ಟೇ ಸಾಮಾನ್ಯ: ಓರಗೆಯವರೆಲ್ಲ ಚೆನ್ನಾಗಿ ಬದುಕುತ್ತಿದ್ದಾರೆ, ಅವರಿಗೆ ಯಾವ ಕೊರತೆಯೂ ಇಲ್ಲ, ನಾನೊಬ್ಬನೇ ಹೀಗೆ. ಈ ಎರಡನೆಯದನ್ನು ಮನೆಯವರು ವಿನಯವೆಂದೇ ತಿಳಿದು ಸುಮ್ಮನಾಗುತ್ತಾರೆ. ಮೂರನೆಯದು ಸಿಡುಕು. ವಿಶೇಷವಾಗಿ ಗಂಡಸರಲ್ಲಿ ಖಿನ್ನತೆ ಅಳುವಾಗಿ ಹೊರಬರದೆ ಸಿಡುಕಾಗಿ ಹೊರಬರುವುದುಂಟು, ಆಗ ಎದುರಿಗಿದ್ದವರೆಲ್ಲ ಕೆಲಸಗೇಡಿಗಳಾಗಿ ಕಾಣುತ್ತಾರೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ಇಲ್ಲಿಗೆ ಅಂಟಿಸಿ ಮುಗಿಸಿಬಿಡುವವರು ಬಹಳ. ನನಗೆ ಆ ಗಾದೆ ಅರ್ಧ ಮಾತ್ರ ಒಪ್ಪಿಗೆ. 1979ರಲ್ಲಿ ಲಾರೆನ್ ಅಲಾಯ್ ಮತ್ತು ಲಿನ್ ಏಬ್ರಮ್‌ಸನ್ ಎಂಬ ಸಂಶೋಧಕಿಯರು ವಿದ್ಯಾರ್ಥಿಗಳ ಮುಂದೆ ಒಂದು ಗುಂಡಿ ಮತ್ತು ಒಂದು ಹಸಿರು ದೀಪವನ್ನಿಟ್ಟು, ದೀಪ ಹತ್ತುವುದರಲ್ಲಿ ನಿಮ್ಮ ಒತ್ತುವಿಕೆಯ ಪಾತ್ರ ಎಷ್ಟು ಎಂದು ಕೇಳಿದ್ದರು. ಖಿನ್ನತೆಯ ಲಕ್ಷಣಗಳಿದ್ದವರು ಸರಿಯಾಗಿ ಅಂದಾಜಿಸಿದರು, ಲಕ್ಷಣಗಳಿಲ್ಲದವರು ತಮ್ಮ ಪಾತ್ರವನ್ನು ಹಿಗ್ಗಿಸಿ ಹೇಳಿದರು. ದುಃಖಿತರೇ ಜಾಣರು ಎಂಬ ಮಾತು ಅಲ್ಲಿಂದ ಹರಡಿತು. ಆದರೆ 2022ರಲ್ಲಿ ಪ್ರಕಟವಾದ, ಹೆಚ್ಚು ಜನರನ್ನಿಟ್ಟುಕೊಂಡು ಮಾಡಿದ ಮರುಪ್ರಯೋಗದಲ್ಲಿ ಆ ಫಲಿತಾಂಶ ಮತ್ತೆ ಸಿಗಲಿಲ್ಲ, ಆದ್ದರಿಂದ ಅದನ್ನು ಅತಿಯಾಗಿ ನೆಚ್ಚಿಕೊಳ್ಳುವಂತಿಲ್ಲ. ಬೇರೆಯವರನ್ನು ಅಳೆಯುವ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಜೋಸೆಫ್ ಫೊರ್ಗಾಸ್ 1998ರಲ್ಲಿ ತೋರಿಸಿದ ಸಂಗತಿ. ಒಬ್ಬರ ನಡತೆಗೆ ಅವರ ಸಂದರ್ಭವನ್ನು ಬಿಟ್ಟು ಸ್ವಭಾವವನ್ನೇ ಕಾರಣವಾಗಿ ಹೇಳುವ ತಪ್ಪು ನಾವೆಲ್ಲರೂ ಮಾಡುವಂಥದು; ಸಂತೋಷದ ಮನಸ್ಥಿತಿಯಲ್ಲಿ ಅದು ಹೆಚ್ಚುತ್ತದೆ, ತುಸು ಬೇಸರದಲ್ಲಿದ್ದಾಗ ಕಡಿಮೆಯಾಗುತ್ತದೆ. ಬೇಸರದಲ್ಲಿದ್ದವರು ವಿವರಗಳನ್ನು ನಿಧಾನವಾಗಿ ತೂಗುತ್ತಾರೆ. ಈ ನಿಧಾನದ ಗಮನವನ್ನೇ ನಾವು ಮುಂದಿನ ಹಂತಗಳಲ್ಲಿ ಬಳಸಿಕೊಳ್ಳಲಿದ್ದೇವೆ.

ಏನೇನು ಬೇಕು

ನೂರು ಪುಟದ ಒಂದು ಗೀಟು ಪುಸ್ತಕ, ಒಂದು ಪೆನ್ನು, ಮೂರು ವಾರ ಕಾಲ, ನಿಮ್ಮನ್ನು ಗೇಲಿ ಮಾಡದ ಒಬ್ಬರು. ಮೊಬೈಲಿನಲ್ಲಿ ಬರೆಯಬಾರದೇ ಎಂದು ಕೇಳುತ್ತಾರೆ. ಬರೆಯಬಹುದು, ಆದರೆ ಯಾರ ಸಂದೇಶಕ್ಕೆ ಕಾದು ಮನಸ್ಸು ಕಹಿಯಾಗಿದೆಯೋ ಅದೇ ಪರದೆಯ ಮೇಲೆ ಕೂತು ಬರೆಯುವುದು ಕಷ್ಟ.

ಹಂತ 1: ಇದು ಬೇಸರವೋ ಖಿನ್ನತೆಯೋ ನೋಡಿಕೊಳ್ಳಿ

ಬೇಜಾರು ಎಂಬ ಒಂದೇ ಪದಕ್ಕೆ ನಾವು ಎಲ್ಲವನ್ನೂ ತುಂಬುತ್ತೇವೆ. ಮನಸ್ಸು ಕುಗ್ಗಿರುವುದು ಅಥವಾ ಮೊದಲು ಹಿಡಿಸುತ್ತಿದ್ದ ಯಾವುದೂ ಹಿಡಿಸದಿರುವುದು, ಅದರೊಡನೆ ನಿದ್ದೆ, ಹಸಿವು, ಗಮನ, ಶಕ್ತಿಗಳಲ್ಲಿ ಏರುಪೇರು, ಅತಿಯಾದ ತಪ್ಪಿತಸ್ಥ ಭಾವ, ಇವು ದಿನದ ಬಹುಪಾಲು, ಬಹುತೇಕ ಪ್ರತಿದಿನ, ಎರಡು ವಾರವಾದರೂ ಇದ್ದರೆ ವೈದ್ಯರು ಖಿನ್ನತೆಯ ಸಾಧ್ಯತೆಯನ್ನು ಪರಿಶೀಲಿಸುತ್ತಾರೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲಿಯೂ ಸಿಗುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ಎಷ್ಟೆಂದು ನೋಡದೆ ಮಾತಾಡಲೇಬೇಕು. ಅಂಕಪಟ್ಟಿ ರೋಗನಿರ್ಣಯವಲ್ಲ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆಗಳೂ ಇದೇ ಬಗೆಯ ಜಡತೆಯನ್ನು ತರುವುದರಿಂದ ರಕ್ತಪರೀಕ್ಷೆ ಮಾಡಿಸುವುದು ವಾಡಿಕೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಖಿನ್ನತೆ ಬಂದಿರುತ್ತದೆ. ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಒಂದು ತುಂಬಿದ ಬಸ್ಸಿನಲ್ಲಿ ಇಬ್ಬರು ಮೂವರು ಎಂದು ಲೆಕ್ಕ ಹಾಕಿಕೊಳ್ಳಿ.

ಹಂತ 2: ಎರಡು ಕಾಲಮ್ಮುಗಳಲ್ಲಿ ಬರೆಯಿರಿ

ಈ ಮಾರ್ಗದರ್ಶಿಯ ತಿರುಳು ಇರುವುದು ಇಲ್ಲಿ. ಉಳಿದ ಹಂತಗಳನ್ನು ಬಿಟ್ಟರೂ ಇದನ್ನು ಬಿಡಬೇಡಿ. ಪುಟದ ನಡುವೆ ಒಂದು ಗೆರೆ ಎಳೆದು ಎಡಕ್ಕೆ "ಕಂಡದ್ದು", ಬಲಕ್ಕೆ "ಅಂದುಕೊಂಡದ್ದು" ಎಂದು ಬರೆಯಿರಿ. ಯಾರ ಬಗ್ಗೆಯಾದರೂ ಮನಸ್ಸು ಕಹಿಯಾದ ದಿನ ಒಂದೇ ಒಂದು ಘಟನೆಯನ್ನು ತೆಗೆದುಕೊಳ್ಳಿ. ಎಡಗಡೆ ಕ್ಯಾಮೆರಾ ಹಿಡಿಯಬಹುದಾದದ್ದು ಮಾತ್ರ ಬರಬೇಕು: ದಿನ, ಹೊತ್ತು, ಆಡಿದ ಮಾತು ಆಡಿದಂತೆಯೇ, ಯಾರು ಎಲ್ಲಿ ನಿಂತಿದ್ದರು. ಕ್ಯಾಮೆರಾಕ್ಕೆ ತಾತ್ಸಾರ ಕಾಣುವುದಿಲ್ಲ, ಹೊಟ್ಟೆಕಿಚ್ಚು ಕಾಣುವುದಿಲ್ಲ.

ಹೇಳುವುದು ಸುಲಭ, ಮಾಡಲು ಹೋದಾಗ ಮೊದಲ ವಾರ ಎಲ್ಲರೂ ಎಡವುತ್ತಾರೆ. ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಮೂಡಿಗೆರೆ ಕಡೆಯ ತೋಟದ ಮನೆಯಿಂದ ಹಾಸನಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳೊಬ್ಬಳು ಜುಲೈ ತಿಂಗಳ ಒಂದು ಭಾನುವಾರ ಎಡಗಡೆಯ ಕಾಲಮ್ಮಿನಲ್ಲಿ "ಅಣ್ಣ ನನ್ನನ್ನು ಮರೆತೇಬಿಟ್ಟ" ಎಂದು ಬರೆಯುತ್ತಾಳೆಂದು ಇಟ್ಟುಕೊಳ್ಳಿ. ಇದು ಕಂಡದ್ದಲ್ಲ, ಅಂದುಕೊಂಡದ್ದು, ಬಲಕ್ಕೆ ಹೋಗಬೇಕು. ಹಾಗಾದರೆ ಕಂಡದ್ದೇನು? ಎರಡನೆಯ ಸಲ ಬರೆದಾಗ "ಅಣ್ಣ ಮೂರು ದಿನದಿಂದ ಉತ್ತರ ಕೊಟ್ಟಿಲ್ಲ" ಎಂದಾಗುತ್ತದೆ. ಮೊದಲಿಗಿಂತ ವಾಸಿ, ಆದರೆ ಇನ್ನೂ ಮಸುಕು. ಮೂರನೆಯ ಸಲ: "ಶುಕ್ರವಾರ ಸಂಜೆ 6ಕ್ಕೆ ವಾಟ್ಸಾಪಿನಲ್ಲಿ 'ಅಮ್ಮನ ಮಂಡಿನೋವು ಹೇಗಿದೆ' ಎಂದು ಕೇಳಿದೆ. ಸಂದೇಶದ ಪಕ್ಕದಲ್ಲಿ ಒಂದೇ ಗೀಟು ಬಂತು. ಭಾನುವಾರ ಮಧ್ಯಾಹ್ನದವರೆಗೂ ಎರಡನೆಯ ಗೀಟು ಬಂದಿಲ್ಲ." ಇಲ್ಲಿಗೆ ನಿಲ್ಲಿಸಿ ಓದಿ. ಒಂದೇ ಗೀಟು ಎಂದರೆ ಸಂದೇಶ ಅಣ್ಣನ ಫೋನನ್ನೇ ಮುಟ್ಟಿಲ್ಲ. ಆರಿದ್ರಾ, ಪುನರ್ವಸು ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗಿ, ಟವರಿನ ಬ್ಯಾಟರಿ ಇಳಿದು, ಎರಡು ಮೂರು ದಿನ ಊರಿಗೆ ಊರೇ ಸಂಪರ್ಕ ಕಳೆದುಕೊಳ್ಳುವುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಆಕೆಗೂ ಗೊತ್ತಿತ್ತು. ಆ ಒಂದು ಗೀಟನ್ನು ಆಕೆ ಹತ್ತು ಸಲ ನೋಡಿಯೂ ಇದ್ದಳು. ಮನಸ್ಸು "ಉತ್ತರ ಬಂದಿಲ್ಲ" ಎಂಬಲ್ಲಿಂದ ನೇರವಾಗಿ "ಮರೆತುಬಿಟ್ಟ" ಎಂಬಲ್ಲಿಗೆ ಹಾರಿದಾಗ, ನಡುವೆ ಕಣ್ಣೆದುರೇ ಇದ್ದ ಗೀಟು ಲೆಕ್ಕಕ್ಕೆ ಬರಲಿಲ್ಲ.

ಎಲ್ಲ ಪುಟಗಳೂ ಇಷ್ಟು ಅನುಕೂಲವಾಗಿ ಬಿಡಿಸಿಕೊಳ್ಳುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಎರಡು ನೀಲಿ ಗೀಟು ಬಂದು ಉತ್ತರ ಬರದಿರುವ ಪುಟಗಳೂ ಇರುತ್ತವೆ. ಅವುಗಳಿಗೆ ಮುಂದಿನ ಹಂತ ಇದೆ.

ಎಡವುವ ಜಾಗಗಳು: ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದ ಹೊತ್ತಿನಲ್ಲಿ ಬರೆಯಬೇಡಿ. ಖಿನ್ನತೆ ಅನೇಕರಿಗೆ ಬೆಳಗ್ಗೆ ತೀವ್ರವಾಗಿದ್ದು ಸಂಜೆಗೆ ತುಸು ಸಡಿಲವಾಗುತ್ತದೆ. ನಿಮಗೆ ಯಾವ ಹೊತ್ತು ಹಗುರವೋ ಆಗ ಬರೆಯಿರಿ. ದಿನಕ್ಕೆ ಒಂದೇ ಘಟನೆ, ಹದಿನೈದು ನಿಮಿಷ. ಅದಕ್ಕಿಂತ ಹೆಚ್ಚಾದರೆ ಅದು ಬರವಣಿಗೆಯಾಗಿ ಉಳಿಯದೆ ಮೆಲುಕು ಹಾಕುವುದಾಗುತ್ತದೆ, ಮೆಲುಕು ಖಿನ್ನತೆಯನ್ನು ಬೆಳೆಸುತ್ತದೆ. ಇನ್ನೊಂದು, "ಯಾವಾಗಲೂ", "ಯಾರೂ", "ಎಲ್ಲರೂ" ಎಂಬ ಪದಗಳು ಎಡಗಡೆ ಬಂದರೆ ಹೊಡೆದುಹಾಕಿ. ಒಂದು ದಿನದ ಕ್ಯಾಮೆರಾದಲ್ಲಿ "ಯಾವಾಗಲೂ" ಸೆರೆಯಾಗುವುದಿಲ್ಲ.

ಹಂತ 3: ಇನ್ನೂ ಮೂರು ಕಾರಣಗಳು

ಒಂದು ವಾರ ಎರಡು ಕಾಲಮ್ಮು ಬರೆದ ಮೇಲೆ ಕೆಳಗೆ ಜಾಗ ಬಿಟ್ಟು, ಕಂಡದ್ದಕ್ಕೆ ಇನ್ನೂ ಮೂರು ಕಾರಣಗಳನ್ನು ಬರೆಯಲು ಶುರುಮಾಡಿ. ಒಂದು ಕಾರಣವಾದರೂ ನಿಮಗೆ ಸಂಬಂಧಪಡದ್ದಾಗಿರಬೇಕು, ಒಂದು ಎದುರಿನವರ ಸಂದರ್ಭದ್ದಾಗಿರಬೇಕು. ಮೂರನೆಯದು ಕೆಟ್ಟದ್ದೇ ಆಗಿರಲಿ, ಅಡ್ಡಿಯಿಲ್ಲ.

ಕಲ್ಯಾಣ ಮಂಟಪದಲ್ಲಿ ಚಿಕ್ಕಮ್ಮ ಎದುರು ಬಂದು "ಏನೋ ಸೊರಗಿಬಿಟ್ಟಿದ್ದೀಯಲ್ಲ" ಎಂದವರೇ ಉತ್ತರಕ್ಕೆ ಕಾಯದೆ ಮುಂದೆ ಹೋದರು. ಅಂದುಕೊಂಡದ್ದು: "ನಾನು ಹಾಳಾಗಿರುವುದನ್ನು ನಾಲ್ಕು ಜನರ ಮುಂದೆ ಎತ್ತಿ ತೋರಿಸಿದರು." ಬೇರೆ ಕಾರಣಗಳು: ಚಿಕ್ಕಮ್ಮ ಹೆಣ್ಣಿನ ಕಡೆಯವರು, ಮುಹೂರ್ತಕ್ಕೆ ಹತ್ತು ನಿಮಿಷವಿತ್ತು. ನಮ್ಮ ಕಡೆ "ಸೊರಗಿದ್ದೀಯ" ಎನ್ನುವುದು "ಚೆನ್ನಾಗಿದ್ದೀಯಾ" ಎನ್ನುವಷ್ಟೇ ಸಲೀಸಾದ ಮಾತು. ಚಿಕ್ಕಮ್ಮನಿಗೆ ನಿಜಕ್ಕೂ ಆಡಿಕೊಳ್ಳುವ ಚಟವಿದೆ. ಮೂರನ್ನೂ ಬರೆದ ಮೇಲೆ, ಮೊದಲು ಅಂದುಕೊಂಡದ್ದನ್ನು ಈಗ ನೂರಕ್ಕೆ ಎಷ್ಟು ನಂಬುತ್ತೀರಿ ಎಂದು ಒಂದು ಅಂಕ ಹಾಕಿ. 95 ಇದ್ದದ್ದು 70ಕ್ಕೆ ಇಳಿದರೆ ಸಾಕು. ಸೊನ್ನೆಗೆ ತರಲು ಹಟ ಹಿಡಿಯಬೇಡಿ.

ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಇದನ್ನು "ಒಳ್ಳೆಯದನ್ನೇ ಯೋಚಿಸು" ಎಂಬ ಉಪದೇಶವಾಗಿ ಮಾಡಿಕೊಂಡು, ತಾವೇ ನಂಬದ ಸಿಹಿ ಮಾತುಗಳನ್ನು ಪುಟದ ತುಂಬ ಬರೆಯುತ್ತಾರೆ. ಮನಸ್ಸು ಅದನ್ನು ಸುಳ್ಳೆಂದು ಹಿಡಿಯುತ್ತದೆ, ಅಭ್ಯಾಸ ನಾಲ್ಕೇ ದಿನಕ್ಕೆ ನಿಲ್ಲುತ್ತದೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದ ಹಿರಿಯರು ಒಳ್ಳೆಯದನ್ನೇ ನೋಡು ಎಂದು ಹೇಳಲಿಲ್ಲ.

ಬೇರೆಯವರನ್ನು ಮೇಲೇರಿಸಿ ನೋಡುವ ಅಭ್ಯಾಸದವರಿಗೂ ಇದೇ ವಿಧಾನ. "ಜೊತೆಯಲ್ಲಿ ಓದಿದವನು ಬಾಳೆಹೊನ್ನೂರಿನಲ್ಲಿ ತೋಟ ಕೊಂಡ, ಅವನಿಗೆ ಯಾವ ಚಿಂತೆಯೂ ಇಲ್ಲ" ಎಂಬಲ್ಲಿ ತೋಟ ಕೊಂಡದ್ದು ಕಂಡದ್ದು. ಚಿಂತೆಯಿಲ್ಲ ಎಂಬುದು ಅಂದುಕೊಂಡದ್ದು, ಕಾಫಿ ತೋಟ ಇಟ್ಟುಕೊಂಡವರು ಅದನ್ನು ಓದಿ ನಕ್ಕಾರು.

ಹಂತ 4: ಒಂದು ಸಲ, ನೇರವಾಗಿ ಕೇಳಿ

ಪುಸ್ತಕದೊಳಗೆ ಬಗೆಹರಿಯದ್ದನ್ನು ಆ ವ್ಯಕ್ತಿಯನ್ನೇ ಕೇಳಬೇಕು. ಕೇಳುವ ಮಾತಿನಲ್ಲಿ ಮೂರು ತುಂಡುಗಳಿರಲಿ: ಕಂಡದ್ದು, ನನಗೆ ಆದದ್ದು, ಪ್ರಶ್ನೆ. "ಮೊನ್ನೆ ನಾನು ಒಳಗೆ ಬಂದಾಗ ನೀವಿಬ್ಬರೂ ಮಾತು ನಿಲ್ಲಿಸಿದಿರಿ. ನನ್ನ ಬಗ್ಗೆಯೇ ಇರಬೇಕೆಂದು ಮನಸ್ಸಿಗೆ ಕಷ್ಟವಾಯಿತು. ಏನು ವಿಷಯ ಇತ್ತು?" ಇದರ ಬದಲು ನಾವು ಸಾಮಾನ್ಯವಾಗಿ ಆಡುವುದು: "ನಾನು ಬಂದರೆ ನಿಮಗೆ ಮಾತು ಬರಲ್ಲ ಅಲ್ವಾ?" ಚುಚ್ಚುಮಾತಿನಲ್ಲಿ ಕನ್ನಡಿಗರು ಯಾರಿಗೂ ಕಡಿಮೆಯಿಲ್ಲ, ಆದರೆ ಚುಚ್ಚಿದಾಗ ಸಿಗುವುದು ಮರುಚುಚ್ಚು ಮಾತ್ರ, ಮಾಹಿತಿ ಸಿಗುವುದಿಲ್ಲ. ಎದುರಾಎದುರು ಕೇಳಲು ಧೈರ್ಯ ಸಾಲದಿದ್ದರೆ ಫೋನಿನಲ್ಲಿ ಕೇಳಿ. ಸಂದೇಶದಲ್ಲಿ ಬೇಡ, ಧ್ವನಿಯಿಲ್ಲದ ಅಕ್ಷರಕ್ಕೆ ಖಿನ್ನ ಮನಸ್ಸು ತನ್ನದೇ ಧ್ವನಿ ಕೊಟ್ಟುಕೊಳ್ಳುತ್ತದೆ.

ಸಿಕ್ಕ ಉತ್ತರವನ್ನು ಅದೇ ಪುಟದಲ್ಲಿ ಬರೆದು, ದಿನಾಂಕ ಹಾಕಿ, ಮತ್ತೆ ಕೇಳಬೇಡಿ. "ನಿಜವಾಗಲೂ ನನ್ನ ಮೇಲೆ ಕೋಪ ಇಲ್ಲವಾ?" ಎಂದು ದಿನಕ್ಕೆ ನಾಲ್ಕು ಸಲ ಕೇಳಿದಾಗ ಮೊದಲ ಸಲದ "ಇಲ್ಲಪ್ಪ" ಎಂಬುದು ನಾಲ್ಕನೆಯ ಸಲಕ್ಕೆ ಬೇಸತ್ತ "ಇಲ್ಲ ಅಂದೆನಲ್ಲ" ಆಗುತ್ತದೆ, ಆ ಬೇಸರವೇ ಕೋಪಕ್ಕೆ ಸಾಕ್ಷಿಯಾಗಿ ಕಾಣುತ್ತದೆ. ಜೇಮ್ಸ್ ಕಾಯ್ನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1976ರಲ್ಲಿಯೇ ಈ ಸುಳಿಯನ್ನು ವಿವರಿಸಿದ್ದರು. ಅಪರಿಚಿತರನ್ನು ಖಿನ್ನತೆಯ ರೋಗಿಗಳೊಡನೆ ಫೋನಿನಲ್ಲಿ ಮಾತಾಡಿಸಿದ ಅವರ ಪ್ರಯೋಗದಲ್ಲಿ, ಮಾತಾಡಿದವರ ಮನಸ್ಸೂ ಕುಗ್ಗಿತು ಮತ್ತು ರೋಗಿಯೊಡನೆ ಮತ್ತೆ ಒಡನಾಡುವ ಇಚ್ಛೆ ಕಡಿಮೆಯಾಯಿತು. ಅಂದರೆ "ಜನ ನನ್ನಿಂದ ದೂರ ಸರಿಯುತ್ತಿದ್ದಾರೆ" ಎಂಬ ತೀರ್ಪು ಆರಂಭದಲ್ಲಿ ತಪ್ಪಾಗಿದ್ದರೂ ಕ್ರಮೇಣ ನಿಜವಾಗಿಬಿಡುವುದುಂಟು. ರೋಗಿಯನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಒಂದು ಸಲ ಕೇಳಿ, ಬರೆದಿಟ್ಟು, ಅನುಮಾನ ಮರುಕಳಿಸಿದಾಗ ಬರೆದದ್ದನ್ನು ಓದುವ ನಿಯಮ ಇರುವುದು ಈ ಸುಳಿಯನ್ನು ತಪ್ಪಿಸುವುದಕ್ಕಾಗಿ.

ಹಂತ 5: ಹಿಂದಿರುಗಲಾಗದ ನಿರ್ಧಾರಗಳನ್ನು ಮುಂದಕ್ಕೆ ಹಾಕಿ

ತೀರ್ಪು ಮನಸ್ಸಿನಲ್ಲಿರುವವರೆಗೆ ಅದನ್ನು ತಿದ್ದಬಹುದು, ನೋಂದಣಿ ಕಚೇರಿಯಲ್ಲಿ ರುಜುವಾದ ಮೇಲೆ ತಿದ್ದುವುದು ಕಷ್ಟ. ಪಾಲು ಕೇಳುವುದು, ತೋಟ ಮಾರುವುದು, ರಾಜೀನಾಮೆ, ವಿಚ್ಛೇದನ, ಹತ್ತಾರು ವರ್ಷ ಜೊತೆಗಿದ್ದ ಆಳನ್ನು ಬಿಡಿಸುವುದು, ಇವನ್ನೆಲ್ಲ ಚಿಕಿತ್ಸೆ ಹಿಡಿಯುವವರೆಗೆ, ಕನಿಷ್ಠ ಎರಡು ತಿಂಗಳು ಮುಂದಕ್ಕೆ ಹಾಕಿ. ಈ ಪಟ್ಟಿಗೆ ನಾನು ಮಾತು ಬಿಡುವುದನ್ನೂ ಸೇರಿಸುತ್ತೇನೆ. ನಮ್ಮ ಹಳ್ಳಿಗಳಲ್ಲಿ ಒಂದು ಮಧ್ಯಾಹ್ನ ಮಾತು ಬಿಟ್ಟ ಅಣ್ಣತಮ್ಮಂದಿರು ಒಬ್ಬರ ತಿಥಿಗೆ ಇನ್ನೊಬ್ಬರು ಹೋಗದೆ ಉಳಿದದ್ದನ್ನು ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಮಾತು ಕಡಿಮೆ ಮಾಡಿ, ನಾಲ್ಕು ದಿನ ದೂರವಿರಿ, ಮಾತು ಬಿಟ್ಟೆ ಎಂದು ಮಾತ್ರ ಸಾರಬೇಡಿ.

ಒಂದು ವಿನಾಯಿತಿ ಇದೆ, ಅದು ಮುಖ್ಯವಾದದ್ದು. ನಿಮ್ಮ ಎಡಗಡೆಯ ಕಾಲಮ್ಮಿನಲ್ಲಿ, ಕ್ಯಾಮೆರಾ ಹಿಡಿಯಬಹುದಾದ ಕಾಲಮ್ಮಿನಲ್ಲಿ, ಹೊಡೆತ, ಬೆದರಿಕೆ, ಊಟಕ್ಕೆ ತಡೆ, ಸಂಬಳ ಕಿತ್ತುಕೊಳ್ಳುವುದು, ಹೊರಗೆ ಹೋಗಲು ಬಿಡದಿರುವುದು ಮತ್ತೆ ಮತ್ತೆ ಬರುತ್ತಿದ್ದರೆ ಅದಕ್ಕೆ ಮೂರು ಬೇರೆ ಕಾರಣ ಹುಡುಕುತ್ತಾ ಕೂರಬೇಡಿ. ಅದು ಖಿನ್ನತೆಯ ತಪ್ಪು ತೀರ್ಪಲ್ಲ. ಬಹುಶಃ ಖಿನ್ನತೆಗೆ ಅದೇ ಕಾರಣ. ಮಹಿಳಾ ಸಹಾಯವಾಣಿ 181.

ಹಂತ 6: ಮನೆಯವರಿಗೆ

ನಿಮ್ಮ ಮನೆಯಲ್ಲಿ ಖಿನ್ನತೆಯಲ್ಲಿರುವವರೊಬ್ಬರಿದ್ದು, ಅವರ ದೂರುಗಳಿಂದ ನೀವು ಸುಸ್ತಾಗಿದ್ದರೆ ಒಂದು ವಾಕ್ಯವನ್ನು ಮೊದಲು ಬಿಡಿ: "ನಿನಗೆ ಡಿಪ್ರೆಶನ್ ಇದೆಯಲ್ಲ, ಅದಕ್ಕೇ ಹಾಗನ್ನಿಸುತ್ತೆ." ಈ ವಾಕ್ಯ ಬಂದ ದಿನದಿಂದ ಅವರ ಯಾವ ಅಹವಾಲಿಗೂ ಬೆಲೆಯಿಲ್ಲವಾಗುತ್ತದೆ. ಸೊಸೆಯೊಬ್ಬಳು "ಅಡುಗೆಮನೆಯಲ್ಲಿ ನನಗೆ ಯಾರೂ ಕೈ ಜೋಡಿಸುವುದಿಲ್ಲ" ಎಂದರೆ ಅದು ಕಾಯಿಲೆಯ ಮಾತು ಆಗಿರಲೂಬಹುದು, ಅಡುಗೆಮನೆಗೆ ಯಾರೂ ಹೋಗದಿರಲೂಬಹುದು. ಹೋಗಿ ನೋಡಿ.

"ಹಾಗೇನಿಲ್ಲ ಬಿಡು" ಎನ್ನುವ ಮೊದಲು "ಏನಾಯಿತು?" ಎಂದು ಕೇಳುವುದನ್ನು ರೂಢಿಸಿಕೊಳ್ಳಿ, ಆ ಪ್ರಶ್ನೆ ಅವರನ್ನು ತಾನಾಗಿಯೇ ಎಡಗಡೆಯ ಕಾಲಮ್ಮಿಗೆ ಕರೆತರುತ್ತದೆ. ವಾದ ಮಾಡಿ ಗೆಲ್ಲಲು ಹೋಗಬೇಡಿ. ಅವರ ಪುಸ್ತಕವನ್ನು ಅವರು ಕೊಡದೆ ಓದಬೇಡಿ. ಸೋಮಾರಿತನ, ನಾಟಕ, ಮೈತುಂಬ ಕೆಲಸವಿದ್ದರೆ ಇದೆಲ್ಲ ಬರುವುದಿಲ್ಲ ಎಂಬ ನಿಮ್ಮ ಮಾತುಗಳೂ ತೀರ್ಪುಗಳೇ, ಅವೂ ಬಲಗಡೆಯ ಕಾಲಮ್ಮಿಗೆ ಸೇರಿದವು.

ದೇವರಲ್ಲಿ ಕೇಳಿಸುವ, ದೃಷ್ಟಿ ತೆಗೆಸುವ ಪದ್ಧತಿಯ ಬಗ್ಗೆ ನನ್ನ ತಕರಾರು ಇಲ್ಲ. ಸಮಾಧಾನ ಸಿಗುವುದಾದರೆ ಚಿಕಿತ್ಸೆಯ ಜೊತೆಗೆ ಮಾಡಿಸಿ. ಆದರೆ "ಯಾರೋ ಮಾಡಿಸಿದ್ದಾರೆ, ನಿಮ್ಮ ಹತ್ತಿರದವರೇ, ತೆಂಕಲ ದಿಕ್ಕಿನ ಮನೆಯವರು" ಎಂದು ಬೆರಳು ತೋರುವವರ ಬಳಿಗೆ ಖಿನ್ನತೆಯಲ್ಲಿರುವವರನ್ನು ಕರೆದೊಯ್ಯಬೇಡಿ. ಮನಸ್ಸಿನೊಳಗೆ ಅನುಮಾನವಾಗಿದ್ದದ್ದಕ್ಕೆ ಅಲ್ಲಿ ಮುದ್ರೆ ಬೀಳುತ್ತದೆ, ಕಾಯಿಲೆ ವಾಸಿಯಾದ ಮೇಲೂ ಆ ಮುದ್ರೆ ಅಳಿಯುವುದಿಲ್ಲ.

ಹಂತ 7: ಚಿಕಿತ್ಸೆ ಎಲ್ಲಿ, ಹೇಗೆ

ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಲ್ಲಿಯೂ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಮನೋವೈದ್ಯರನ್ನು ಕಾಣಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು ಹೊರಡಿ, ಕೊಪ್ಪ ಶೃಂಗೇರಿ ಕಡೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದು ಬರಿಗೈಯಲ್ಲಿ ಮರಳುವಂತಾಗಬಾರದು. ಹೋಗುವಾಗ ಪುಸ್ತಕ ಜೊತೆಗಿರಲಿ. ಹತ್ತು ನಿಮಿಷದ ಭೇಟಿಯಲ್ಲಿ ಬಾಯಿಗೆ ಬಾರದ್ದನ್ನು ನಾಲ್ಕು ಪುಟಗಳು ಹೇಳಿಬಿಡುತ್ತವೆ.

ಖಿನ್ನತೆಯ ಮಾತ್ರೆಗಳು ತಲೆನೋವಿನ ಮಾತ್ರೆಯಂತೆ ಅದೇ ದಿನ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು, ಪೂರ್ಣ ಪರಿಣಾಮಕ್ಕೆ ಇನ್ನೂ ಹೆಚ್ಚು. ವಾಸಿಯಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ಮುಂದುವರಿಸಲು ಹೇಳುತ್ತಾರೆ; ನೀವಾಗಿಯೇ ನಿಲ್ಲಿಸಬೇಡಿ. ಚಟ ಹಿಡಿಯುತ್ತದೆಂಬ ಭಯ ಕೆಲವು ಬಗೆಯ ನಿದ್ರೆಯ ಮಾತ್ರೆಗಳಿಗೆ ಸಲ್ಲುತ್ತದೆ, ಸಾಮಾನ್ಯವಾಗಿ ಬರೆದುಕೊಡುವ ಖಿನ್ನತೆ-ನಿವಾರಕಗಳಿಗೆ ಸಲ್ಲುವುದಿಲ್ಲ. ಮೇಲೆ ಹೇಳಿದ ಎರಡು ಕಾಲಮ್ಮಿನ ಅಭ್ಯಾಸವು ಬೆಕ್ ಅವರಿಂದ ಬೆಳೆದುಬಂದ ಅರಿವು-ವರ್ತನಾ ಚಿಕಿತ್ಸೆಯ ಒಂದು ಸರಳ ತುಣುಕು. ತರಬೇತಿ ಪಡೆದ ಚಿಕಿತ್ಸಕರೊಡನೆ ಮಾಡಿದಾಗ ಹೆಚ್ಚು ಫಲ ಕೊಡುತ್ತದೆ.

ಹಂತ 8: ವಾಸಿಯಾದ ಮೇಲೆ ಪುಸ್ತಕ ತೆರೆಯಿರಿ

ನಿದ್ದೆ ಹಸಿವುಗಳು ಸರಿಹೋಗಿ, ಸಂಜೆಯ ಹೊತ್ತು ಮತ್ತೆ ನಾಲ್ಕು ಜನರ ಜೊತೆ ಕೂತು ಮಾತಾಡಬೇಕೆನಿಸಿದಾಗ, ಅವಸರವಿಲ್ಲದ ಒಂದು ದಿನ ಮೊದಲ ಪುಟದಿಂದ ಓದಿ. ಬಲಗಡೆಯ ಎಷ್ಟೋ ಸಾಲುಗಳು ಬೇರೆ ಯಾರೋ ಬರೆದಂತೆ ಕಾಣುತ್ತವೆ. ಅವುಗಳ ಮೇಲೆ ಒಂದು ಗೆರೆ ಎಳೆಯಿರಿ. ಕೆಲವು ಸಾಲುಗಳು ಈಗಲೂ ನಿಜವೇ ಅನ್ನಿಸುತ್ತವೆ. ಚಿಕ್ಕಮ್ಮನಿಗೆ ಆಡಿಕೊಳ್ಳುವ ಚಟ ಇದ್ದೇ ಇದೆ, ಗಂಡ ಹಬ್ಬದ ದಿನವೂ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಅವನ್ನು ಬೇರೊಂದು ಹಾಳೆಗೆ ಇಳಿಸಿಕೊಂಡು, ನಾಲ್ಕನೆಯ ಹಂತದಲ್ಲಿ ಹೇಳಿದಂತೆ, ಒಂದೊಂದಾಗಿ ಮಾತಿಗೆ ತನ್ನಿ. ಹಳೆಯ ಪುಸ್ತಕವನ್ನು ಬಚ್ಚಲೊಲೆಗೆ ಹಾಕುವಿರೋ ಬೀರುವಿನಲ್ಲಿಡುವಿರೋ ನಿಮಗೆ ಬಿಟ್ಟದ್ದು. ಚಿಕ್ಕಮ್ಮನ ಕೈಗೆ ಸಿಗುವ ಕಡೆ ಮಾತ್ರ ಬೇಡ.